ದೊಡ್ಡಪ್ಪನ ಆಸ್ಟಿನ್, ನನ್ನ ಮಾರುತಿ

ದೊಡ್ಡಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರ 1953ರ ಆಸ್ಟಿನ್ ಎ40 ಇನ್ನೂ ಮೈಸೂರಿನ ಮನೆಯ ಶೆಡ್ಡಿನಲ್ಲೇ ಇದೆ. ಎಂಜಿನ್‌ನಲ್ಲಿ ಒಂದು ದೋಷವಿಲ್ಲ. ಕೊಳ್ಳುತ್ತೇವೆಂದು ಬಂದವರು ಇಬ್ಬರೇ, ಇಬ್ಬರೂ ಎಪ್ಪತ್ತು ದಾಟಿದವರು. ಬಾನೆಟ್ಟನ್ನು ಸವರಿದರು, ತಮ್ಮೂರ ಡಾಕ್ಟರ ಬಳಿ ಇಂಥದ್ದೇ ಇತ್ತೆಂದು ನೆನೆದರು, ಕಾಫಿ ಕುಡಿದು ಹೊರಟರು.

ಅದೇ ಮನೆಯ ಮುಂದೆ ನನ್ನ 1985ರ ಮಾರುತಿ 800 ನಿಲ್ಲಿಸಿದರೆ, ವೈಪರಿಗೆ ಯಾರಾದರೂ ಚೀಟಿ ಸಿಕ್ಕಿಸಿ ಹೋಗಿರುತ್ತಾರೆ: ‘ಮಾರುವುದಾದರೆ ತಿಳಿಸಿ.’ ಕೆಲವರೊಡನೆ ಮಾತಾಡಿದ್ದೇನೆ. ಎಲ್ಲರೂ ನನ್ನ ವಾರಿಗೆಯವರು.

1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀ ಹಸ್ತಾಂತರಿಸಿದಾಗ ನಾನು ಮೂರನೇ ತರಗತಿ. ಅಲ್ಲಿಯವರೆಗೆ ಕಾರೆಂದರೆ ಅಂಬಾಸಿಡರ್, ಇಲ್ಲವೇ ಫಿಯಟ್. ಮುಂದಿನ ವರ್ಷ ನಮ್ಮ ಬೀದಿಗೂ ಒಂದು ಕೆಂಪು ಮಾರುತಿ ಬಂತು. ಮಕ್ಕಳನ್ನೆಲ್ಲ ಒಂದು ಸುತ್ತು ಕರೆದೊಯ್ದರು. ನನ್ನ ಸರದಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಮುಚ್ಚಿದ ಗಾಜಿಗೆ ಮೂಗು ಒತ್ತಿ ಒಳಗಿನ ಸೀಟುಗಳನ್ನು ನೋಡುತ್ತ ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ.

2011ರಲ್ಲಿ ಗುಜರಿಗೆ ಹೊರಟಿದ್ದ ನನ್ನ ಈಗಿನ ಮಾರುತಿಯನ್ನು 28,000 ರೂಪಾಯಿ ಕೊಟ್ಟು ತಂದೆ. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್. ಚಾಲಕನ ಕಾಲಡಿಯ ತಗಡು ತುಕ್ಕು ತಿಂದು, ಕ್ಲಚ್ ಪಕ್ಕದಲ್ಲೇ ರಸ್ತೆ ಕಾಣುತ್ತಿತ್ತು. ಟಿಂಕರಿಂಗಿಗೇ ಕಾರಿನ ಬೆಲೆಯ ಮೂರು ಪಟ್ಟು ಖರ್ಚಾಯಿತು. ಈ ಚೌಕಾಕಾರದ ಮಾದರಿ 1986ರಲ್ಲೇ ಬದಲಾದ್ದರಿಂದ ಅಪರೂಪ, ಅದಕ್ಕೇ ಬೇಡಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಸ್ಟಿನ್ ಇದಕ್ಕಿಂತ ಅಪರೂಪ. ಅದನ್ನು ಗಾಜಿನಾಚೆಯಿಂದ ನೋಡಿ ಆಸೆಪಟ್ಟ ಹುಡುಗರು ಈಗ ಉಳಿದಿಲ್ಲ, ಅಷ್ಟೇ.

ಸರ್ಕಾರದ ಲೆಕ್ಕವೇ ಬೇರೆ. 2021ರ ನಿಯಮದಂತೆ 50 ವರ್ಷ ದಾಟಿದರೆ ಮಾತ್ರ ವಿಂಟೇಜ್. ಆಸ್ಟಿನ್‌ಗೆ ಆ ಗೌರವ ಸಲ್ಲುತ್ತದೆ. ನನ್ನ ಮಾರುತಿ 2035ರವರೆಗೆ ಕಾಯಬೇಕು.

ಕಳೆದ ಭಾನುವಾರ ಅಕ್ಕನ ಮಗ ಬಂದಿದ್ದ. ಮೂವತ್ತೊಂದು ವರ್ಷ. ಮಾರುತಿಯನ್ನು ನೋಡಿ “ಚೆನ್ನಾಗಿಟ್ಟಿದ್ದೀರಿ ಮಾವ” ಎಂದನೇ ಹೊರತು ಓಡಿಸಲು ಕೇಳಲಿಲ್ಲ. ಅವನು ಕೊಳ್ಳಬೇಕೆಂದು ಮೊಬೈಲಿನಲ್ಲಿ ತೋರಿಸಿದ್ದು 2001ರ ಹೋಂಡಾ ಸಿಟಿ ವಿಟೆಕ್: 1.5 ಲೀಟರ್, 106 ಅಶ್ವಶಕ್ತಿ. ಶಾಲೆಯಲ್ಲಿ ಗೆಳೆಯನನ್ನು ಅವನಪ್ಪ ಅದರಲ್ಲೇ ಬಿಟ್ಟು ಹೋಗುತ್ತಿದ್ದರಂತೆ. ಎಂಜಿನ್ ವೇಗ ಹೆಚ್ಚಿದಾಗ ದನಿ ಹೇಗೆ ಬದಲಾಗುತ್ತದೆಂದು ಬಾಯಲ್ಲೇ ಮಾಡಿ ತೋರಿಸಿದ. ಅವನ ಮುಖ ಅರಳಿತ್ತು.

ನನಗೆ ಅದು ಟ್ರಾಫಿಕ್ಕಿನಲ್ಲಿ ದಿನವೂ ಕಾಣುತ್ತಿದ್ದ ಕಾರು. ಆದರೆ ನನ್ನ ಮಾರುತಿಯನ್ನು ದೊಡ್ಡಪ್ಪ ತಗಡಿನ ಡಬ್ಬಿ ಎಂದಾಗ ಆದ ನೋವು ನೆನಪಿತ್ತು.

“ನೋಡಲು ಹೋಗುವಾಗ ನನ್ನನ್ನೂ ಕರೆ” ಎಂದೆ. “ಕಾರ್ಪೆಟ್ ಎತ್ತಿಸಿ ಕೆಳಗಿನ ತಗಡು ನೋಡಬೇಕು.”