ಹತ್ತನೇ ಕ್ಲಾಸಿನಲ್ಲೂ ಪಿಟೀಲಾ?

"ಮಗಳು ಈ ವರ್ಷ ಹತ್ತನೇ ಕ್ಲಾಸು ಅಲ್ವಾ? ಇನ್ನೂ ಸಂಗೀತದ ಕ್ಲಾಸಿಗೆ ಕಳಿಸ್ತಿದ್ದೀರಾ?"

ಜೂನ್‌ನಿಂದ ಈ ಪ್ರಶ್ನೆ ಕೇಳದವರಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಹಾಲಿನ ಬೂತಿನ ಹತ್ತಿರ ಕೇಳುತ್ತಾರೆ. ಶಾಲೆಯ ಪೋಷಕರ ಸಭೆಯಲ್ಲಂತೂ ಮೇಷ್ಟ್ರು ಹೇಳಿಯೇ ಬಿಟ್ಟರು: "ಒಂದು ವರ್ಷ ಎಲ್ಲಾ ಬಂದ್ ಮಾಡಿಸಿ ಸಾರ್." ನಾನು ನಕ್ಕು ಸುಮ್ಮನಾಗುತ್ತೇನೆ. ಉತ್ತರ ಸ್ವಲ್ಪ ಉದ್ದ ಇದೆ, ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹೇಳಿ ಮುಗಿಯುವಂಥದ್ದಲ್ಲ.

ಒಂದು ಸಲ ಕ್ಲಾಸು ಬಿಡಿಸಿ ನೋಡಿದ್ದೇನೆ. ಅದೇ ನನ್ನ ಉತ್ತರ.

ಎಂಟನೇ ಕ್ಲಾಸಿನಲ್ಲಿ ಅವಳಿಗೆ ಗಣಿತದಲ್ಲಿ ಅಂಕ ಕಡಿಮೆ ಬಂತು. ನಾನು ಗಾಬರಿಬಿದ್ದು ಪಿಟೀಲು ಕ್ಲಾಸ್ ನಿಲ್ಲಿಸಿದೆ. ಹೋಗಿ ಬರುವುದೂ ಸೇರಿ ವಾರಕ್ಕೆ ಮೂರು ಗಂಟೆ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೆ. ಆ ಮೂರು ಗಂಟೆ ಪುಸ್ತಕಕ್ಕಂತೂ ಹೋಗಲಿಲ್ಲ. ಒಂದಿಷ್ಟು ಫೋನಿಗೆ, ಒಂದಿಷ್ಟು ಸುಮ್ನೆ ಮಲಗಿ ಫ್ಯಾನ್ ನೋಡುವುದಕ್ಕೆ. ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತೆ ಅನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಅದಕ್ಕೆ ಸಾಕ್ಷಿ ಸಿಕ್ಕಿಲ್ಲ. ಕಲಿಯುವಾಗಲೂ ಅಷ್ಟೇ ಅಂಕ, ಬಿಟ್ಟಾಗಲೂ ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಅವಳೇ ಪೆಟ್ಟಿಗೆ ತೆಗೆದಳು. ಸಣ್ಣ ತಂತಿ ತುಂಡಾಗಿ ಸುರುಳಿ ಸುತ್ತಿಕೊಂಡಿತ್ತು. ಮಿಕ್ಕ ಮೂರೂ ಸಡಿಲ. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಎಡಗೈ ಬೆರಳ ತುದಿಗಳು ಮೆತ್ತಗಾಗಿದ್ದವು. (ನಮ್ಮದು ಮೈಸೂರು, ಚೌಡಯ್ಯನವರ ಊರು. ಮೈಕ್ ಇಲ್ಲದ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿದವರು ಅವರು. ನಾಲ್ಕಕ್ಕೇ ನನ್ನ ಜೇಬು ಖಾಲಿ.)

ಮತ್ತೆ ಕ್ಲಾಸಿಗೆ ಹೋದಾಗ ಮೇಡಂ ಬೈಯಲಿಲ್ಲ. ಸ-ಪ-ಸ-ಪ ಅಂತ ಶ್ರುತಿ ಮಾಡಿಕೊಟ್ಟು, "ಸರಳೆಯಿಂದ ಶುರು ಮಾಡೋಣಮ್ಮ" ಅಂದರು. ಎಷ್ಟೋ ಪಾಠ ದಾಟಿ ವರ್ಣದವರೆಗೆ ಬಂದಿದ್ದ ಹುಡುಗಿ. ಮತ್ತೆ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಮೊಟ್ಟಮೊದಲ ಪಾಠ, ಪುರಂದರದಾಸರು ಹಾಕಿಕೊಟ್ಟ ಪಾಠ ಅಂತಾರಲ್ಲ, ಅದೇ. ಅವಳ ಮುಖ ಸಣ್ಣದಾಯಿತು. ಕಮಾನು ನಡುಗುವುದು ಜಗಲಿಯಲ್ಲಿ ಕೂತ ನನ್ನಂಥ ಸಂಗೀತ ಬಾರದವನಿಗೂ ಕೇಳಿಸುತ್ತಿತ್ತು. ಒಳಗಿನಿಂದ ಮೇಡಂ ದನಿ: "ಇನ್ನೊಂದ್ಸಲ." ಮತ್ತೆ ತಪ್ಪು. "ಇನ್ನೊಂದ್ಸಲ." ದನಿ ಏರಲೂ ಇಲ್ಲ, ಬೇಸತ್ತ ಹಾಗೂ ಇರಲಿಲ್ಲ. ಹನ್ನೊಂದರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಬೆಳಗ್ಗೆ ಏಳೂವರೆಗೆ ಸ್ಪೆಷಲ್ ಕ್ಲಾಸ್, ವಾರಕ್ಕೊಂದು ಟೆಸ್ಟ್, ಪ್ರತಿ ಟೆಸ್ಟಿಗೂ ಪೋಷಕರ ಸಹಿ. ಈಗಿನ ಶಾಲೆಯಲ್ಲಿ ತಪ್ಪು ಮಾಡಿದರೆ ಅಂಕ ಹೋಯಿತು, ಮುಂದಿನ ಪಾಠಕ್ಕೆ ನಡೆ. ಮೇಷ್ಟ್ರನ್ನು ದೂರುತ್ತಿಲ್ಲ, ಅವರಿಗೂ ಸಿಲಬಸ್ ಮುಗಿಸುವ ಅವಸರ. ಆದರೆ ಹನ್ನೊಂದು ಸಲ ತಪ್ಪಲು ಬಿಡುವ ಜಾಗ ಮಗಳಿಗೆ ಒಂದಾದರೂ ಇರಲಿ ಅಂತ ಆವತ್ತು ಅನ್ನಿಸಿತು.

ಆಮೇಲೆ ಅಲಂಕಾರಗಳು ಬಂದವು, ಬೇರೆ ಬೇರೆ ತಾಳದಲ್ಲಿ ಸ್ವರ ನುಡಿಸುವ ಪಾಠಗಳು. ಧ್ರುವ ತಾಳಕ್ಕೆ 14 ಅಕ್ಷರ (ಅಂದರೆ ಎಣಿಕೆ), ಅಟ್ಟ ತಾಳಕ್ಕೂ 14. ಒಂದು 4-2-4-4, ಇನ್ನೊಂದು 5-5-2-2. ನನಗೆ ಇದು ಗೊತ್ತಾಗಿದ್ದು ರಾಮಸ್ವಾಮಿ ಸರ್ಕಲ್ ಸಿಗ್ನಲ್‌ನಲ್ಲಿ, ಸ್ಕೂಟರ್ ಹಿಂದೆ ಕೂತು ಅವಳು ನನ್ನ ಬೆನ್ನ ಮೇಲೆ ತಾಳ ಹಾಕಿದಾಗ. ಹಸಿರು ದೀಪ ಬಂದರೂ "ತಡಿ ಅಪ್ಪಾ, ಇನ್ನೆರಡಿದೆ" ಅಂದಳು. ಹಿಂದಿನ ಆಟೋದವನು ಹಾರನ್ ಒತ್ತಿದ.

ಹಾಗಂತ ಈ ವರ್ಷ ಏನೂ ಬದಲಾಗಿಲ್ಲ ಅಂತಲ್ಲ. ಎರಡು ದಿನದ ಕ್ಲಾಸು ಭಾನುವಾರಕ್ಕೆ ಮಾತ್ರ ಇಳಿದಿದೆ. ಸಂಗೀತದ ಜೂನಿಯರ್ ಪರೀಕ್ಷೆ ಮುಂದಕ್ಕೆ ಹೋಗಿದೆ. ಅದು ನನ್ನ ತೀರ್ಮಾನ, ಅವಳಿಗೆ ಇನ್ನೂ ಸಿಟ್ಟಿದೆ. ಬೋರ್ಡ್ ಪರೀಕ್ಷೆ ನಡೆಯುವಾಗ ಕ್ಲಾಸೇ ಇರಲ್ಲ. ಆದರೆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಬಾರದು ಅಂತ ಅವಳ ಷರತ್ತು.

625ಕ್ಕೆ ಎಷ್ಟು ಬರಬಹುದು ಅಂತ ಕೇಳಿದರೆ ಫಲಿತಾಂಶ ಬಂದ ಮೇಲೆ ಹೇಳುತ್ತೇನೆ. ಸದ್ಯಕ್ಕೆ ಸಣ್ಣ ತಂತಿ ಮತ್ತೆ ಹೋಗಿದೆ, ಭಾನುವಾರದೊಳಗೆ ತರಬೇಕು.