ಟರ್ಮಿನಲ್ ಮೇಲಿನ ಬಿಳಿ ಪುಡಿ

ಇವತ್ತು ಬೆಳಿಗ್ಗೆ ತುಮಕೂರಿನ ಬಿ.ಎಚ್. ರಸ್ತೆ ಪಕ್ಕ ಒಂದು ಕಾರು ನಿಂತಿತ್ತು. ಕೀ ತಿರುಗಿಸಿದರೆ ಬರೀ ಟಕ್ ಟಕ್. ಸುತ್ತ ಸೇರಿದವರದು ಒಂದೇ ಮಾತು: "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ ಸಾರ್."

ಮೀಟರ್ ಇಟ್ಟರೆ 12.5 ವೋಲ್ಟ್. ಹೋಗಿಲ್ಲವಲ್ಲ!

ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಅಂದರೆ ಫುಲ್, 12.2 ಅಂದರೆ ಅರ್ಧ. ಇದೊಂದನ್ನೇ ನಂಬಿ ಕೂರಬೇಡಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲಿನ ಅನುಮಾನ ಸರಿ.

ಬೀಳದಿದ್ದರೆ?

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ (ಅದೇ ಟರ್ಮಿನಲ್) ಮೇಲಿಡಿ, ಇನ್ನೊಂದು ಅದನ್ನು ಹಿಡಿದಿರೋ ಕ್ಲಾಂಪ್ ಮೇಲೆ. ಬೇರೆಯವರು ಸೆಲ್ಫ್ ಹೊಡೆಯಲಿ. ಸೊನ್ನೆಯ ಆಸುಪಾಸಲ್ಲೇ ಇರಬೇಕು. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿತಾ, ಕಳ್ಳ ಅಲ್ಲೇ ಇದಾನೆ. ನಡುವೆ ಕೂತ ಬಿಳಿ ಪುಡಿ ಕರೆಂಟ್ ತಡೀತಿದೆ. ದೀಪಕ್ಕೆ ಬೇಕಾದ ಹತ್ತು ಆಂಪಿಯರ್ ಹೇಗೋ ನುಸುಳುತ್ತೆ, ಸೆಲ್ಫ್ ಕೇಳೋ ನೂರಾರು ಆಂಪಿಯರ್ ನುಸುಳಲ್ಲ. ಅದಕ್ಕೇ ಹಾರ್ನ್ ಜೋರಾಗೇ ಕೂಗುತ್ತೆ, ಇಂಜಿನ್ ಏಳಲ್ಲ.

ಮೊದಲು ಮೈನಸ್ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ, ತಂತಿ ಬ್ರಷ್, ಸಾಕು. ಹಾಕುವಾಗ ಮೈನಸ್ ಕೊನೆಗೆ. ಇಂಜಿನ್‌ಗೆ ಹೋಗೋ ಅರ್ಥ್ ಕೇಬಲ್‌ನ ಬೋಲ್ಟನ್ನೂ ನೋಡಿ, ಅದನ್ನ ಯಾರೂ ನೋಡಲ್ಲ.

ಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. 12.4, 12.3 ಅಂತ ಇಳೀತಾ ಹೋದರೆ ಬೆಲ್ಟ್ ನೋಡಿ, ಆಮೇಲೆ ಆ ಬೆಲ್ಟ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್. ಓಡೋ ಇಂಜಿನ್‌ನಲ್ಲಿ ಟರ್ಮಿನಲ್ ಕಿತ್ತು ಪರೀಕ್ಷೆ ಮಾಡೋ ಹಳೇ ಚಾಳಿ ಮಾತ್ರ ಬೇಡ ಮಾರಾಯ್ರೇ, ವೋಲ್ಟೇಜ್ ಜಿಗಿದು ಇಸಿಯು, ಅಂದರೆ ಇಂಜಿನ್ ನಡೆಸೋ ಕಂಪ್ಯೂಟರ್, ಸುಟ್ಟೀತು.