ದಿನಕ್ಕೆ ಹದಿನೈದು ಟಿಕೆಟ್

ಏಪ್ರಿಲ್‌ನಲ್ಲಿ ಆಫೀಸಿನವರು ಈ ವರ್ಷದ ಗೋಲ್ ಬರೀರಿ ಎಂದಾಗ ನಾನು ಜಾಸ್ತಿ ಯೋಚಿಸಲಿಲ್ಲ. ‘ದಿನಕ್ಕೆ 15 ಟಿಕೆಟ್ ಕ್ಲೋಸ್’ ಎಂದು ಹಾಕಿದೆ. ಟಿಕೆಟ್ ಅಂದ್ರೆ ನಮ್ಮ ಸಾಫ್ಟ್‌ವೇರ್ ಬಗ್ಗೆ ಬರುವ ಒಂದೊಂದು ದೂರು. ಎಣಿಸೋಕೆ ಸುಲಭ, ಅಲ್ವಾ? ಕ್ಯಾಬ್ ಇಬ್ಬಲೂರು ಸಿಗ್ನಲ್‌ನಲ್ಲಿ ನಿಂತಾಗಲೂ ಫೋನಿನಲ್ಲಿ ಶೀಟ್ ತೆಗೆದು, ಹಸಿರು ಸಾಲು ನೋಡಿ ಬೀಗುತ್ತಿದ್ದೆ.

ಒಂದು ಸಂಜೆ 5.50. ಲೆಕ್ಕ 14ಕ್ಕೆ ನಿಂತಿತ್ತು, ಕ್ಯಾಬ್ 6.10ಕ್ಕೆ. ‘ಒಂದೇ ಇನ್‌ವಾಯ್ಸ್ ಎರಡು ಸಲ ಹೋಗ್ತಿದೆ’ ಎಂಬ ಟಿಕೆಟ್ ಬಂತು. ನಾನು ಒಂದು ಸಲ ಟ್ರೈ ಮಾಡಿದೆ, ನನಗೆ ಸರಿಯಾಗೇ ಹೋಯಿತು. ‘ನಾಟ್ ರಿಪ್ರೊಡ್ಯೂಸಿಬಲ್, ಲಾಗ್ಸ್ ಕಳಿಸಿ’, ಅಂದ್ರೆ ನನ್ನ ಕಡೆ ಈ ತೊಂದರೆ ಕಾಣ್ತಿಲ್ಲ, ಸಿಸ್ಟಂ ದಾಖಲೆ ಕಳಿಸಿ ಎಂದು ಬರೆದು ಕ್ಲೋಸ್ ಒತ್ತಿದೆ. ಹದಿನೈದು! ಮರುದಿನ ಅದು ರೀಓಪನ್ ಆಯಿತು. ಮತ್ತೆ ಅದೇ ಉತ್ತರ. ಅದರ ಮರುದಿನವೂ. ನಾಲ್ಕನೇ ದಿನ ಪಿ1, ಅಂದ್ರೆ ಎಲ್ಲಕ್ಕಿಂತ ತುರ್ತಿನ ಟಿಕೆಟ್ ಆಗಿ ಬಂತು.

ರಿವ್ಯೂ ಕಾಲ್‌ನಲ್ಲಿ ನಾನೇ ಹೆಮ್ಮೆಯಿಂದ ಸ್ಕ್ರೀನ್ ಶೇರ್ ಮಾಡಿದ್ದೆ. ಲೀಡ್ ಸ್ಕ್ರಾಲ್ ಮಾಡಿಸುತ್ತಾ, "ಸ್ವಲ್ಪ ಮೇಲೆ ಹೋಗಿ. ಇದೇನು, ಒಂದೇ ನಂಬರ್ ಮೂರು ಸಲ ಇದೆಯಲ್ಲ?" ಎಂದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಹಾಗೆ, ನನ್ನ ಕೈ ತಾನಾಗೇ ಕ್ಯಾಮೆರಾ ಆಫ್ ಮಾಡಿತು. ಒಂದೇ ಕೆಲಸವನ್ನು, ಅದೂ ಮಾಡದ ಕೆಲಸವನ್ನು, ನಾನು ಮೂರು ಅಂತ ಎಣಿಸಿದ್ದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು, "ನೀವು ಮ್ಯೂಟ್‌ನಲ್ಲಿದ್ದೀರಿ" ಎಂದರು. ಇರಲಿಲ್ಲ.

ಆ ಬಗ್ ಹಿಡಿಯಲು ಒಂದೂವರೆ ದಿನ ಬೇಕಾಯಿತು. ಉತ್ತರ ತಡವಾಗಿ ಟೈಮ್‌ಔಟ್ ಆದಾಗ ಸಿಸ್ಟಂ ಅದೇ ಇನ್‌ವಾಯ್ಸನ್ನು ಮತ್ತೆ ಕಳಿಸಿ ರಿಟ್ರೈ ಹೊಡೆಯುತ್ತಿತ್ತು, ‘ಇದು ಆಗಲೇ ಬಂದದ್ದು’ ಎಂದು ಗುರುತಿಸುವ ಐಡೆಂಪೊಟೆನ್ಸಿ ಕೀ ಇರಲಿಲ್ಲ. ನಾನು ಟ್ರೈ ಮಾಡಿದಾಗ ಟೈಮ್‌ಔಟ್ ಆಗಿರಲಿಲ್ಲ, ಅಷ್ಟೇ. ಶೀಟ್ ಪ್ರಕಾರ ಆ ಎರಡು ದಿನದ ನನ್ನ ದುಡಿಮೆ: 1.

ತಪ್ಪು ನನ್ನದೇ. ಆದರೂ ಒಂದು ಮಾತು. ನಮ್ಮಲ್ಲಿ ಓಕೆಆರ್, ಅಂದ್ರೆ ಗುರಿ ಬರೆದು ಎಷ್ಟು ಮುಟ್ಟಿದೆವು ಎಂದು ಅಂಕ ಹಾಕುವ ಈ ಪದ್ಧತಿ ತಂದಾಗ ಸ್ಲೈಡ್‌ನಲ್ಲಿ ಅದನ್ನು ಶುರು ಮಾಡಿದ ಇಂಟೆಲ್‌ನ ಆಂಡಿ ಗ್ರೋವ್ ಇದ್ದರು, 1999ರಲ್ಲಿ ಅದನ್ನು ಗೂಗಲ್‌ಗೆ ಒಯ್ದ ಹೂಡಿಕೆದಾರ ಜಾನ್ ಡೋರ್ ಇದ್ದರು. ಗೂಗಲ್‌ನಲ್ಲಿ 1ಕ್ಕೆ 0.7 ಬಂದರೂ ಒಳ್ಳೆಯ ಸ್ಕೋರೇ, ಯಾಕಂದ್ರೆ ಗುರಿಯನ್ನೇ ಕೈಗೆಟುಕದಷ್ಟು ಎತ್ತರಕ್ಕೆ ಇಡುತ್ತಾರೆ. ನಮ್ಮಲ್ಲಿ 0.7 ಬಂದರೆ ಸಂಬಳದ ಹೈಕ್‌ಗೆ ಕತ್ತರಿ. ಹಾಗಿದ್ದಾಗ ಸುಮ್ನೆ ಕೈಗೆ ಸಿಗುವ ನಂಬರ್ ಬರೆಯದೆ ಇನ್ನೇನು ಬರೀತಾರೆ?

ಈಗ ನನ್ನ ಸ್ವಂತ ಶೀಟ್‌ನಲ್ಲಿ ಒಂದೇ ಕಾಲಂ: ಏಳು ದಿನವಾದರೂ ವಾಪಸ್ ಬರದ ಟಿಕೆಟ್ ಎಷ್ಟು. ಕಳೆದ ಸೋಮವಾರದ್ದು 4. ಮ್ಯಾನೇಜರ್ ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೂ 15ರ ಗೆರೆಯೇ ಇದೆ, ನಾನು ಅದರ ಕೆಳಗೆ ಕೆಂಪಗೆ ಕೂತಿದ್ದೇನೆ.